ಮನಿಯಾರ್ಡರಿನ ದಿಕ್ಕು

ಹಳ್ಳಿ ಬಿಟ್ಟು ಮೈಸೂರು ಸೇರಿದವರ ಚರಿತ್ರೆಯನ್ನು ಜನಗಣತಿಯ ಪುಸ್ತಕಗಳಲ್ಲಿ ಹುಡುಕುವವರು ಹುಡುಕಲಿ. ನಾನು ಅದನ್ನು ಓದಿದ್ದು ಮನಿಯಾರ್ಡರ್ ಫಾರಂಗಳಲ್ಲಿ. ಅಂಚೆ ಇಲಾಖೆಯಲ್ಲಿ ನನ್ನ ನೌಕರಿಯೆಲ್ಲ ಕಳೆದದ್ದು ಈ ಊರಿನ ಕೌಂಟರುಗಳ ಹಿಂದೆ. ಸರಸ್ವತೀಪುರಂನಲ್ಲಿ ಕೆಲವು ಕಾಲ, ಹೆಡ್ ಪೋಸ್ಟಾಫೀಸಿನಲ್ಲಿ ಬಹಳ ಕಾಲ. ಕಿಂಡಿಯ ಈಚೆ ಕೂತವರಿಗೆ ಯಾರು ಯಾವ ಊರಿನವರು ಅನ್ನುವುದಕ್ಕಿಂತ ಹಣ ಯಾವ ಕಡೆಗೆ ಹೋಗುತ್ತಿದೆ ಅನ್ನುವುದು ಬೇಗ ಕಣ್ಣಿಗೆ ಬೀಳುತ್ತದೆ. ಪೇಟೆಗೆ ಬಂದ ಮಗ ಹಳ್ಳಿಯನ್ನು ಉದ್ಧಾರ ಮಾಡಿದ ಅಂತ ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಆದರೆ ಅದಕ್ಕೂ ಮುಂಚೆ ಎರಡು ಮೂರು ತಲೆಮಾರು ಹಳ್ಳಿಯೇ ಮೈಸೂರನ್ನು ಸಾಕಿತು. ಆ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಮೈಸೂರಿಗೆ ಅಂಚೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲೇ ಶುರುಮಾಡಿದ ಅಂಚೆ ವ್ಯವಸ್ಥೆ ಇತ್ತು; ಕಾಗದ ಮುಟ್ಟಿಸುವವರೇ ಅರಮನೆಗೆ ಊರೂರಿನ ಸುದ್ದಿಯನ್ನೂ ಮುಟ್ಟಿಸುತ್ತಿದ್ದರಂತೆ. (ಹಳ್ಳಿ ಪೋಸ್ಟ್‌ಮ್ಯಾನ್‌ಗಳು ಈ ಎರಡನೆಯ ಕೆಲಸವನ್ನು ಇವತ್ತಿಗೂ ಸಂಬಳವಿಲ್ಲದೆ ಮಾಡುತ್ತಾರೆ.) ಆ ರಾಜ್ಯದ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಅಷ್ಟರಲ್ಲಿ, 1880ರಿಂದಲೇ, ಅಂಚೆ ಕಚೇರಿಗಳಲ್ಲಿ ಮನಿಯಾರ್ಡರ್ ಬಂದಿತ್ತು. ಅಂದರೆ ಎರಡು ಮೂರು ರೂಪಾಯಿಯನ್ನು ಸೆರಗಿಗೋ ಪಂಚೆಯ ಗಂಟಿಗೋ ಕಟ್ಟಿಕೊಂಡು ನಡೆಯದೆ, ಕಾಗದದ ಮೇಲೆ ಬರೆದು ಊರಿಗೆ ಕಳಿಸಬಹುದಾದ ಕಾಲ ಬಂತು. ಆದರೆ ಕಳಿಸಲು ಮೊದಲು ಕೈಯಲ್ಲಿ ಕಾಸಿರಬೇಕಲ್ಲ.

ಆಗಿನ್ನೂ 1876ರಿಂದ 78ರವರೆಗಿನ ಬರ ಹೊಡೆದು ಹೋಗಿತ್ತು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ದಾಟಿದ್ದ ಜನ, 1881ರ ಹೊತ್ತಿಗೆ 42 ಲಕ್ಷಕ್ಕೂ ಕಡಿಮೆ. ಹತ್ತು ವರ್ಷಗಳಲ್ಲಿ ಜನ ಹೆಚ್ಚಬೇಕಾದ ಕಡೆ ಎಂಟು ಲಕ್ಷಕ್ಕೂ ಮೀರಿ ಕಡಿಮೆಯಾದರು. ಬೆಂಗಳೂರಿನಿಂದ ಮೈಸೂರಿಗೆ ರೈಲು ದಾರಿ ಮುಗಿದದ್ದು 1882ರಲ್ಲಿ, ಇಲ್ಲಿಂದ ನಂಜನಗೂಡಿಗೆ 1891ರಲ್ಲಿ. ನಂಜನಗೂಡಿನ ಹಳಿ ಚಾಮರಾಜನಗರ ಮುಟ್ಟಲು 1926 ಆಗಬೇಕಾಯಿತು. ಹಳ್ಳಿಯವರಿಗೆ ರೈಲಿದ್ದರೂ ಮೈಸೂರು ಬಹುಕಾಲ ಬರೀ ದಸರಾ, ಆಸ್ಪತ್ರೆ ಮತ್ತು ಕೋರ್ಟು. ಬಂದವರು ನಂಜರಾಜ ಬಹದ್ದೂರ್ ಛತ್ರದಂಥ ಕಡೆ ಮಲಗಿ, ಬುತ್ತಿ ಬಿಚ್ಚಿ ತಿಂದು ಹೊರಟುಹೋಗುತ್ತಿದ್ದರು.

ನೆಲೆ ನಿಲ್ಲಲು ಬಂದವರು ಬೇರೆ. ಪ್ಲೇಗಿನ ನಂತರ, 1903ರಲ್ಲಿ, ನಗರ ಸುಧಾರಣಾ ಟ್ರಸ್ಟ್ ಬೋರ್ಡು ಹುಟ್ಟಿತು. ಇಕ್ಕಟ್ಟಿನ ಕೇರಿಗಳ ಬದಲು ಅಗಲ ರಸ್ತೆಯ ಬಡಾವಣೆಗಳು ಬಂದವು. ಲಕ್ಷ್ಮೀಪುರಂ, ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆ ಇವತ್ತು ನಡೆದರೂ ಮುಂದೆ ಜಗಲಿ, ಹಿಂದೆ ವಠಾರ ಇರುವ ಹಳೇ ಮನೆಗಳು ಒಂದೆರಡು ಸಿಗುತ್ತವೆ. ಅಲ್ಲಿ ಮನೆ ಕಟ್ಟಿದವರಲ್ಲಿ ಸರ್ಕಾರಿ ಗುಮಾಸ್ತರೂ ಮೇಷ್ಟರೂ ವಕೀಲರೂ ಹೆಚ್ಚು. ಅವರಲ್ಲಿ ಬಹುಪಾಲು ಜನಕ್ಕೆ ತಿರುಮಕೂಡಲು ನರಸೀಪುರದ ಕಡೆಯೋ ಮಂಡ್ಯದ ಕಡೆಯೋ ಗದ್ದೆ. ಉಳುವವನು ಊರಲ್ಲಿ, ಒಡೆಯ ಮೈಸೂರಲ್ಲಿ. ಸುಗ್ಗಿ ಮುಗಿದ ಮೇಲೆ ಗುತ್ತಿಗೆಯ ಭತ್ತ ಗಾಡಿ ಏರಿ ಬರುತ್ತಿತ್ತು, ಮುಂದೆ ಬಸ್ಸಿನ ಟಾಪಿನ ಮೇಲೆ ಬಂತು. ಸಂಬಳ ಮೂವತ್ತೋ ನಲವತ್ತೋ ಇದ್ದರೂ ಆ ಮನೆಗಳಲ್ಲಿ ವರ್ಷದ ಅಕ್ಕಿ ಕೊಳ್ಳುತ್ತಿರಲಿಲ್ಲ. ಮೈಸೂರಿನ ನಿಧಾನ ಬದುಕು, ಸಂಜೆಯ ಸಂಗೀತ ಕಚೇರಿ, ಜಗಲಿಯ ಹರಟೆ ಅಂತ ಹಾಡಿ ಹೊಗಳುತ್ತೇವಲ್ಲ, ಅದಕ್ಕೆ ಅನ್ನ ಹಾಕಿದ್ದು ಆ ಗದ್ದೆ.

ಅದೇ ಜಗಲಿಗಳಿಗೆ ಓದುವ ಹುಡುಗರು ಬಂದರು. 1916ರಲ್ಲಿ ವಿಶ್ವವಿದ್ಯಾನಿಲಯ ಆದಮೇಲಂತೂ ಸುತ್ತಣ ನಾಲ್ಕು ಜಿಲ್ಲೆಯ ಹುಡುಗರಿಗೆ ಮೈಸೂರು ಅಂದರೆ ಓದು. ಬ್ರಾಹ್ಮಣ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆ ಹಿಡಿಯಬೇಕು. ಆರೇ ಸಿಕ್ಕರೆ ಏಳನೆಯ ದಿನ ನೀರು ಕುಡಿಯಬೇಕು. ಭೈರಪ್ಪನವರ ‘ಭಿತ್ತಿ’ ಓದಿದವರಿಗೆ ಆ ಹಸಿವಿನ ರುಚಿ ಗೊತ್ತು. ತಾತಯ್ಯ ಎಂದೇ ಊರೆಲ್ಲ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿದ್ದರು. ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್‌ಮಾಸ್ತರಾಗಿದ್ದ ಅವರಿಗೆ ಖಾಲಿಹೊಟ್ಟೆಯ ಹುಡುಗನಿಗೆ ಲೆಕ್ಕ ಹತ್ತುವುದಿಲ್ಲ ಅನ್ನುವುದು ತಿಳಿದಿದ್ದಿರಬೇಕು.

ವಾರಾನ್ನ ಒಕ್ಕಲು ಮಕ್ಕಳಿಗೆ ಇರಲಿಲ್ಲ, ಹೊಲಗೇರಿಯ ಮಕ್ಕಳಿಗಂತೂ ಆ ಬೀದಿಯೇ ಇರಲಿಲ್ಲ. ಅವರಿಗೆ ಹಾಸ್ಟೆಲ್ಲೇ ದಾರಿ. ಅದಕ್ಕೇ ಮೈಸೂರಿಗೆ ಬಂದ ಹಳ್ಳಿಗರ ಕಥೆ ಬರೆಯುವವರು ಕಾರ್ಖಾನೆಗಿಂತ ಮೊದಲು ಹಾಸ್ಟೆಲ್ಲುಗಳ ಕಥೆ ಬರೆಯಬೇಕು ಅನ್ನುತ್ತೇನೆ. ಗೋಪಾಲಸ್ವಾಮಿ ಅಯ್ಯರ್ ದಲಿತ ಮಕ್ಕಳ ವಸತಿಶಾಲೆಗಾಗಿ ಸವೆದರು. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಬೇಕೆಂಬ ಕೂಗಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅಲ್ಲಿಂದ ಮುಂದೆ, ಓದಿದರೆ ಗುಮಾಸ್ತಗಿರಿ ಸಿಕ್ಕೀತು ಅನ್ನುವ ಆಸೆಗೆ ಆಧಾರ ಬಂತು. ಒಂದೊಂದು ಜಾತಿಯೂ ತನ್ನ ಮಕ್ಕಳಿಗೆ ಒಂದು ಸೂರು ಮಾಡಲು ಹೊರಟಿತು. ಈ ಸೂರುಗಳು ಜಾತಿಯ ಗೋಡೆಯನ್ನೂ ಪೇಟೆಗೆ ತಂದವು ಅನ್ನುವುದು ನಿಜ. ಆ ಸೂರಿಲ್ಲದೆ ಆ ಹುಡುಗರು ಪೇಟೆಯ ಮುಖ ನೋಡುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಇವತ್ತು ಊರ ತುಂಬ ಹಬ್ಬಿರುವ ಜೆಎಸ್ಎಸ್ ವಿದ್ಯಾಸಂಸ್ಥೆಗಳ ಬೇರು ಅಲ್ಲಿದೆ. ಮಹಾವಿದ್ಯಾಪೀಠ ಅಂತ ಆದದ್ದು 1954ರಲ್ಲಿ. ನಂಜನಗೂಡು ತಾಲ್ಲೂಕಿನ ನಮ್ಮಪ್ಪ ಆ ನಿಲಯದಲ್ಲಿ ಉಂಡು ಓದಿದವರು. ಯುದ್ಧದ ಕಾಲ, ರೇಷನ್ನಿನ ಕಾಲ. ನಮ್ಮೂರ ಕಡೆಯ ಭಕ್ತರು ಕಣದಲ್ಲೇ ಮಠದ ಪಾಲು ಅಂತ ರಾಗಿ ಅಳೆದು ಬೇರೆ ಇಡುತ್ತಿದ್ದರಂತೆ, ಅದೇ ರಾಗಿ ಮೈಸೂರಿಗೆ ಬಂದು ಮುದ್ದೆಯಾಗುತ್ತಿತ್ತಂತೆ. “ಸ್ವಾಮಿಗಳು ಊಟ ಹಾಕಿದ್ರು ಅಂತೀರಿ, ಹೌದು ಹಾಕಿದ್ರು. ರಾಗಿ ಬೆಳ್ದೋರ್ಯಾರು? ನಮ್ಮಪ್ಪನೂ ಬೆಳ್ದಿದ್ದ” ಅನ್ನುತ್ತಿದ್ದರು ಅಪ್ಪ. ಮಠದ ಮೇಲೆ ಅವರಿಗಿದ್ದ ಭಕ್ತಿಗೆ ಇದರಿಂದ ಕುಂದೇನೂ ಬರಲಿಲ್ಲ.

ಆ ಕಾಲದ ಮನಿಯಾರ್ಡರುಗಳೂ ಹಳ್ಳಿಯಿಂದ ಮೈಸೂರಿಗೇ. ನನಗಿಂತ ಹಿರಿಯ ಗುಮಾಸ್ತರು ಹೇಳುತ್ತಿದ್ದರು, ಜೂನ್ ಜುಲೈ ಬಂದರೆ ಹಾಸ್ಟೆಲ್ ಹುಡುಗರ ಹೆಸರಿಗೆ ಐದು, ಹತ್ತು ರೂಪಾಯಿಯ ಮನಿಯಾರ್ಡರ್ ಕಟ್ಟುಗಟ್ಟಲೆ ಬರುತ್ತಿದ್ದವು ಅಂತ. ಫೀಸು, ಪುಸ್ತಕ, ಒಂದು ಜೊತೆ ಚಡ್ಡಿ. ಆ ಐದು ರೂಪಾಯಿ ಎಲ್ಲಿಂದ? ನಮ್ಮ ಸೀಮೆಯಲ್ಲಿ ಬಹುಮಟ್ಟಿಗೆ ರೇಷ್ಮೆಗೂಡಿನಿಂದ. ಕೊಳ್ಳೇಗಾಲ, ನರಸೀಪುರ, ಚಾಮರಾಜನಗರದ ಕಡೆ ಹಿಪ್ಪುನೇರಳೆ ಸೊಪ್ಪು ಇದ್ದವನ ಮನೆಯಲ್ಲಿ ತಿಂಗಳೊಪ್ಪತ್ತಿಗೆ ರೊಕ್ಕ ಕಾಣುತ್ತಿತ್ತು. ರಾಗಿ ವರ್ಷಕ್ಕೊಮ್ಮೆ, ಹುಳು ವರ್ಷಕ್ಕೆ ನಾಲ್ಕೈದು ಸಲ. ಹುಳು ಮೇಯಿಸುವುದು ಹೆಂಗಸರ ಕೆಲಸ. ರಾತ್ರಿಯೆಲ್ಲ ಎದ್ದು ಸೊಪ್ಪು ಹಾಕಿದವಳು ತಾಯಿ, ಮನಿಯಾರ್ಡರಿನ ಮೇಲೆ ‘ಕಳಿಸಿದವರು’ ಅಂತ ಇರುತ್ತಿದ್ದದ್ದು ತಂದೆಯ ಹೆಸರು.

ಗೂಡಿನ ಇನ್ನೊಂದು ತುದಿಯೂ ಮೈಸೂರಿನಲ್ಲೇ ಇತ್ತು. 1912ರಲ್ಲಿ ಅರಸರು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ರೇಷ್ಮೆ ಕಾರ್ಖಾನೆ ಹಾಕಿಸಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧದ ಕೊರಡು ಸಾಗಿಸುವುದು ನಿಂತು, ಎಣ್ಣೆಯನ್ನು ನಾವೇ ತೆಗೆಯಬೇಕಾಗಿ ಬಂದಾಗ ಗಂಧದೆಣ್ಣೆ ಕಾರ್ಖಾನೆ ಬಂತು. ರೈಲ್ವೆ ವರ್ಕ್‌ಶಾಪೂ ಆಯಿತು. ಮೂರೂ ಹೆಚ್ಚುಕಡಿಮೆ ಒಂದೇ ಸುತ್ತಿನಲ್ಲಿ, ಮಾನಂದವಾಡಿ ರಸ್ತೆ ಮತ್ತು ಅಶೋಕಪುರಂ ಕಡೆ. ಆದಿಕರ್ನಾಟಕಪುರ ಎಂಬ ಹೆಸರಿದ್ದ ಅಶೋಕಪುರಂನ ಗಂಡಸರು ವರ್ಕ್‌ಶಾಪಿಗೆ ಸೇರಿದ್ದು, ಕೂಲಿಯವರಿಗೂ ತಿಂಗಳ ಸಂಬಳ ಬಂದದ್ದು ಚಿಕ್ಕ ಸಂಗತಿಯಲ್ಲ. ಭೂಮಿಯೇ ಇಲ್ಲದವನಿಗೆ ಹಳ್ಳಿಗೆ ಕಳಿಸುವ ತುರ್ತೂ ಬೇರೆ ಥರ. ಅವನ ಹಣ ಹೊಲಕ್ಕೆ ಗೊಬ್ಬರವಾಗಲಿಲ್ಲ. ಸಾಹುಕಾರನ ಮನೆಯಲ್ಲಿ ಜೀತಕ್ಕಿದ್ದ ತಮ್ಮನನ್ನು ಬಿಡಿಸಿತು.

ಸ್ವಾತಂತ್ರ್ಯ ಬಂದು ಒಂದು ಹತ್ತು ಹದಿನೈದು ವರ್ಷದಲ್ಲಿ ದಿಕ್ಕು ತಿರುಗಿತು. ಹಾಸ್ಟೆಲ್ಲಿನಲ್ಲಿ ಉಂಡವರು ಮೇಷ್ಟರಾದರು, ಬ್ಯಾಂಕಿನವರಾದರು, ಕಂಡಕ್ಟರಾದರು. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮೋಟರ್‌ಸೈಕಲ್ ಬಿಡತೊಡಗಿತು. ಯಂತ್ರದ ವಿದ್ಯೆ ಚೆಕೊಸ್ಲೊವಾಕಿಯಾದ್ದು, ಕೈ ನಮ್ಮ ಸುತ್ತಲಿನ ಹಳ್ಳಿಯ ಐಟಿಐ ಹುಡುಗರದ್ದು. ನಾನು ಕೆಲಸಕ್ಕೆ ಸೇರಿದ ಹೊತ್ತಿಗೆ ತಿಂಗಳ ಮೊದಲ ವಾರ ಅಂದರೆ ಊಟಕ್ಕೆ ಏಳಲು ಆಗದಷ್ಟು ಸಾಲು. ಯುಗಾದಿ, ಗೌರಿ ಹಬ್ಬ, ನಂಜನಗೂಡಿನ ದೊಡ್ಡ ಜಾತ್ರೆಯ ಮುಂಚೆ ಇನ್ನೂ ಹೆಚ್ಚು. ಮೊದಲ ಮಳೆ ಬಿದ್ದ ವಾರ ನೋಡಬೇಕಿತ್ತು. ಪೇಪರು ಓದದೆಯೂ ಯಾವ ತಾಲ್ಲೂಕಿಗೆ ಮಳೆಯಾಗಿದೆ ಅಂತ ನಾವು ಹೇಳುತ್ತಿದ್ದೆವು. ಗುಂಡ್ಲುಪೇಟೆಗೆ ಮಳೆಯಾದರೆ ಗುಂಡ್ಲುಪೇಟೆಯ ಬ್ರಾಂಚ್ ಆಫೀಸುಗಳಿಗೆ ಹಣ ಹರಿಯುತ್ತಿತ್ತು.

ಮನಿಯಾರ್ಡರ್ ಫಾರಂನ ಕೆಳಗೆ ಒಂದು ತುಂಡು ಇರುತ್ತಿತ್ತು, ಸಂದೇಶ ಬರೆಯಲಿಕ್ಕೆ. ನಾಲ್ಕು ಸಾಲಿನ ಜಾಗ. ಅದರಲ್ಲಿ ಒಂದು ಸಂಸಾರದ ಬಜೆಟ್ ಹಿಡಿಸುತ್ತಿದ್ದರು. “ಐವತ್ತು ಗೊಬ್ಬರಕ್ಕೆ, ಇಪ್ಪತ್ತು ಅವ್ವನ ಕನ್ನಡಕಕ್ಕೆ, ಮಿಕ್ಕದ್ದು ಸೊಸೈಟಿಗೆ ಕಟ್ಟುವುದು. ತಮ್ಮನ್ನ ಶಾಲೆ ಬಿಡಿಸಬೇಡಿ.” ಈ ಕೊನೆಯ ಮಾತು ಎಷ್ಟು ಫಾರಂಗಳಲ್ಲಿ ಇರುತ್ತಿತ್ತೋ! ಅಣ್ಣ ಕಳಿಸಿದ ಹಣದಲ್ಲಿ ತಮ್ಮ ಮೈಸೂರಿಗೆ ಬರುತ್ತಿದ್ದ, ತಮ್ಮ ಸೇರಿಕೊಂಡ ಮೇಲೆ ತಂಗಿಯ ಮದುವೆ, ಆಮೇಲೆ ಮನೆಗೆ ಮಂಗಳೂರು ಹೆಂಚು, ಆಮೇಲೆ ಬಾವಿಗೆ ಪಂಪ್‌ಸೆಟ್ಟು. ಹೆಚ್ಚುಕಡಿಮೆ ಇದೇ ಸರದಿ. ಊರಿಗೆ ಹೋದರೆ ಹೆಂಚಿನ ಮನೆ ನೋಡಿ ‘ಇವರ ಮನೆಯ ಒಬ್ಬ ನೌಕರಿಯಲ್ಲಿದ್ದಾನೆ’ ಅನ್ನಬಹುದಿತ್ತು. ಸರ್ಕಾರದ ಪಂಚವಾರ್ಷಿಕ ಯೋಜನೆಗಳನ್ನು ನಾನು ಹಳಿಯುವುದಿಲ್ಲ. ಆದರೆ ಕರೆಂಟು ಕಂಬದ ತನಕ ಬಂದದ್ದು ಯೋಜನೆ, ಕಂಬದಿಂದ ಬಾವಿಯ ತನಕ ಎಳೆಸಿದ್ದು ಮನಿಯಾರ್ಡರು.

ದೂರದ ದೇಶಗಳಲ್ಲೂ ಇಂಥದೇ ನಡೆದಿದೆ, ನಮಗಿಂತ ಬಿರುಸಾಗಿ. ಆಲೂಗಡ್ಡೆ ರೋಗದ ಬರಕ್ಕೆ ಮುಂಚೆ, 1841ರಲ್ಲಿ, ಐರ್ಲೆಂಡಿನಲ್ಲಿ ಸುಮಾರು 82 ಲಕ್ಷ ಜನ. 1911ರಲ್ಲಿ ಸುಮಾರು 44 ಲಕ್ಷ. ಸತ್ತವರು ಸತ್ತರು, ಮಿಕ್ಕವರು ಹಡಗು ಹತ್ತುತ್ತಲೇ ಹೋದರು. ಮೊದಲು ಹೋದ ಅಕ್ಕ ಅಮೆರಿಕದಿಂದ ಹಣ ಕಳಿಸುತ್ತಿದ್ದದ್ದು ಎರಡಕ್ಕೆ, ಹೊಲದ ಗುತ್ತಿಗೆ ಕಟ್ಟಲು ಮತ್ತು ಮುಂದಿನ ತಂಗಿಯ ಟಿಕೆಟ್ಟಿಗೆ. ಸ್ಪೇನಿನ ವಾಯವ್ಯ ಮೂಲೆಯಲ್ಲಿ ಗಲೀಸಿಯಾ ಅಂತ ಒಂದು ಬಡ ಸೀಮೆ. ಅಲ್ಲಿಂದ ಕ್ಯೂಬಾ, ಅರ್ಜೆಂಟೀನಾಗಳಿಗೆ ಹೋದವರು ಹವಾನಾದಲ್ಲೂ ಬ್ಯೂನಸ್ ಐರಿಸ್‌ನಲ್ಲೂ ತಂತಮ್ಮ ಊರಿನ ಹೆಸರಲ್ಲಿ ಸಂಘ ಕಟ್ಟಿ, ಚಂದಾ ಎತ್ತಿ, ತವರಿನ ಹಳ್ಳಿಗಳಲ್ಲಿ ಶಾಲೆ ಕಟ್ಟಿಸಿದರು. ನೂರು ವರ್ಷದ ಹಿಂದಿನ ಆ ಕಟ್ಟಡಗಳು ಈಗಲೂ ಇವೆಯಂತೆ. ನಮ್ಮಲ್ಲಿ ಹಾಗೆ ಊರಿಗೆ ಶಾಲೆ ಕಟ್ಟಿಸಿದ ನೌಕರರು ಅಪರೂಪ, ದೇವಸ್ಥಾನಕ್ಕೆ ಗೋಪುರ ಕಟ್ಟಿಸಿದವರು ಬೇಕಾದಷ್ಟು. ಕಾರಣ ಯೋಚಿಸಿದ್ದೇನೆ. ಅವರ ಶಾಲೆ ಅವರ ಊರಲ್ಲೇ ಆಗಬೇಕಿತ್ತು, ಏಕೆಂದರೆ ಮಗು ಒಂದು ಸಲ ಹಡಗು ಹತ್ತಿದರೆ ಮುಗಿಯಿತು. ಅಷ್ಟರೊಳಗೆ ಅಕ್ಷರ ಕಲಿತಿರಬೇಕು. ನಮ್ಮವನಿಗೆ ಬಸ್ ಇತ್ತು. ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಿದ್ದ. ಓದುವ ತಮ್ಮನನ್ನು ತನ್ನ ರೂಮಿಗೇ ಕರೆತಂದರೆ ಸಾಕು, ಊರ ಶಾಲೆಯ ಗೊಡವೆ ಅವನಿಗೆ ಬೇಕಿರಲಿಲ್ಲ. ಹಾಗಾಗಿ ಹಳ್ಳಿಯ ಮನೆಗಳು ಸುಧಾರಿಸಿದವು, ಹಳ್ಳಿ ಸುಧಾರಿಸಲಿಲ್ಲ.

ಹೆಣ್ಣುಮಕ್ಕಳ ಹಣದ ಬಗ್ಗೆ ಬರೆಯದಿದ್ದರೆ ನನ್ನ ಕಿಂಡಿಗೆ ಮೋಸ. ಮದುವೆಯಾಗಿ ಮೈಸೂರು ಸೇರಿದ ಹೆಂಗಸರನ್ನು ವಲಸಿಗರು ಅಂತ ಯಾರೂ ಕರೆಯುವುದಿಲ್ಲ, ಗಂಡನ ಮನೆಗೆ ಬಂದವರು ಅಷ್ಟೆ. ಮಧ್ಯಾಹ್ನ ಸಾಲು ಕರಗಿದ ಮೇಲೆ ಬರುತ್ತಿದ್ದರು. ಹತ್ತು, ಇಪ್ಪತ್ತು, ಬಹಳವಾದರೆ ಐವತ್ತು. ಊದುಬತ್ತಿ ಹೊಸೆದ ಕಾಸು, ಬೀಡಿ ಸುತ್ತಿದ ಕಾಸು, ಸಂತೆಯ ಲೆಕ್ಕದಲ್ಲಿ ಉಳಿಸಿದ ಕಾಸು. “ಅಕ್ಕೋರೆ, ನಮ್ಮವ್ವುಂಗೆ ಕಳಿಸ್ಬೇಕು, ನೀವೇ ಬರ್ಕೊಡಿ. ಪಾವತಿ ಮಾತ್ರ ಮನೆಗೆ ಬರಕೂಡದು.” ಹಣ ಮುಟ್ಟಿದ ಮೇಲೆ ಹೆಬ್ಬೆಟ್ಟು ಒತ್ತಿದ ಪಾವತಿ ಚೀಟಿ ಕಳಿಸಿದವರ ವಿಳಾಸಕ್ಕೆ ಬರುತ್ತಿತ್ತು, ಅದು ಗಂಡನ ಕೈಗೋ ಅತ್ತೆಯ ಕೈಗೋ ಸಿಕ್ಕರೆ ರಾದ್ಧಾಂತ. ಬೀದಿಯ ಪೋಸ್ಟ್‌ಮ್ಯಾನ್‌ಗೆ ಒಂದು ಮಾತು ಹೇಳಿಟ್ಟರೆ ಅವನು ಇವಳು ಒಬ್ಬಳೇ ಇರುವ ಹೊತ್ತು ನೋಡಿ ಕೊಡುತ್ತಿದ್ದ. ತಾಯಿಯ ಹೆಬ್ಬೆಟ್ಟಿನ ಗುರುತನ್ನು ಆ ಹೆಂಗಸರು ಹಣೆಗೆ ಒತ್ತಿಕೊಳ್ಳುತ್ತಿದ್ದರು ಅಂತ ಅವನೇ ಹೇಳಿದ್ದು. ತವರಿನ ಯಾವ ಹೆಂಚಿನ ಮೇಲೂ ಈ ಹಣದ ಗುರುತಿಲ್ಲ. ಔಷಧಿಯಾಗಿ, ಎಲೆಅಡಿಕೆಯಾಗಿ, ಮೊಮ್ಮಕ್ಕಳ ಕೈಗೆ ನಾಲ್ಕಾಣೆಯಾಗಿ ಕರಗಿ ಹೋಯಿತು.

ಈ ನಡುವೆ, ಮೊದಲು ಹೇಳಿದ ಗುತ್ತಿಗೆಯ ಭತ್ತ ಹಳ್ಳಿಯಿಂದ ಮೈಸೂರಿಗೆ ಬರುವುದು ನಿಂತುಹೋಗಿತ್ತು. ದೇವರಾಜ ಅರಸರು ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು, ಲಕ್ಷ್ಮೀಪುರದ ವಠಾರಗಳಿಗೆ ಭತ್ತದ ಚೀಲ ಬರುವುದು ನಿಂತಿತು. ಎರಡೂ ಕಡೆಯವರನ್ನು ನಾನು ಬಲ್ಲೆ. ಒಬ್ಬಳೇ ವಿಧವೆಗೆ ಎರಡೆಕರೆ ಗೇಣಿಯೇ ಜೀವನವಾಗಿದ್ದ ಮನೆಗಳಲ್ಲಿ ಕಣ್ಣೀರು ಬಂದದ್ದು ಸುಳ್ಳಲ್ಲ. ಆದರೆ ಮೂರು ತಲೆಮಾರು ಉತ್ತವನ ಮಗ ಅದಾದ ಮೇಲೆ ಮೊದಲ ಸಲ ಅರಸರ ಕಾಲದಲ್ಲಿ ಹೆಚ್ಚಿದ ಹಿಂದುಳಿದ ವರ್ಗದ ಹಾಸ್ಟೆಲ್ಲಿಗೆ ಟ್ರಂಕು ಹಿಡಿದು ಬಂದ. ನನ್ನನ್ನು ಕೇಳಿದರೆ, ಆ ಕಾನೂನು ಮಾಡಿದ್ದು ಸರಿ.

1996ರಲ್ಲಿ ಜಾವಾ ಕಾರ್ಖಾನೆ ಮುಚ್ಚಿತು. ಅಷ್ಟು ಹೊತ್ತಿಗೆ ಸರ್ಕಾರಿ ನೌಕರಿಯೂ ಬಿಗಿಯಾಗಿತ್ತು. ಓದಿದ ಹುಡುಗರು ಮೈಸೂರು ದಾಟಿ ಬೆಂಗಳೂರಿಗೆ ಹೊರಟರು. ಅವರ ಹಣ ಬ್ಯಾಂಕಿನ ದಾರಿ ಹಿಡಿಯಿತು. 20 ರೂಪಾಯಿಗೆ 1 ರೂಪಾಯಿ ಕಮಿಷನ್ ಕೊಟ್ಟು ನಮ್ಮ ಮುಂದೆ ಯಾಕೆ ನಿಲ್ಲುತ್ತಾರೆ? ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಹಳ್ಳಿಗೆ ಹೋಗುವ ಚೀಲದಲ್ಲಿ ಮನಿಯಾರ್ಡರು ಮೊದಲಿಗಿಂತ ಹೆಚ್ಚೇ ಇದ್ದವು. ಕಳಿಸಿದವರ ಜಾಗದಲ್ಲಿ ಮಾತ್ರ ಮಗನ ಹೆಸರಿರಲಿಲ್ಲ, ಖಜಾನೆಯ ಹೆಸರಿತ್ತು. ವೃದ್ಧಾಪ್ಯ ವೇತನ, ವಿಧವಾ ವೇತನ, 2007ರ ನಂತರ ಸಂಧ್ಯಾ ಸುರಕ್ಷಾ. ಸಂದೇಶದ ತುಂಡು ಖಾಲಿ. ಹಿಂದೆ ಮಗನ ಮನಿಯಾರ್ಡರಿಗೆ ಕಾಯುತ್ತಿದ್ದ ಮುದುಕಿ ಈಗಲೂ ಅದೇ ಪೋಸ್ಟ್‌ಮ್ಯಾನ್‌ಗೆ ಕಾಯುತ್ತಿದ್ದಳು. ಅವನು ಹತ್ತಿಪ್ಪತ್ತು ಕಾಫಿ ಕಾಸು ಮುರಿದುಕೊಳ್ಳುತ್ತಾನೆ ಅಂತ ದೂರು ಬಂದರೆ ಎನ್‌ಕ್ವೈರಿಯಲ್ಲಿ ಅವಳೇ “ಇಲ್ಲ ಬುದ್ಧಿ, ನಾನೇ ಕೊಟ್ಟೆ” ಅನ್ನುತ್ತಿದ್ದಳು. 2015ರಲ್ಲಿ ಇಲಾಖೆ ಹಳೇ ಮನಿಯಾರ್ಡರನ್ನು ನಿಲ್ಲಿಸಿತು. ಪಿಂಚಣಿ ಖಾತೆಗೆ ಹೋಗತೊಡಗಿತು.

ಈಗ ಹೊಸ ಲೆಕ್ಕ. 2023ರ ಜೂನಿನಿಂದ ಹೆಂಗಸರು ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಿಲ್ಲ. ಅದೇ ಆಗಸ್ಟ್ 30ರಂದು ತಿಂಗಳಿಗೆ 2000 ರೂಪಾಯಿಯ ಗೃಹಲಕ್ಷ್ಮಿ ಯೋಜನೆ ಶುರುವಾದದ್ದು ನಮ್ಮ ಮೈಸೂರಿನಲ್ಲೇ. ಬೆಳಿಗ್ಗೆ ಏಳಕ್ಕೆ ಸಬರ್ಬನ್ ಬಸ್ ನಿಲ್ದಾಣದಲ್ಲಿ ನಿಂತರೆ ವರುಣಾ, ನಂಜನಗೂಡು, ಬನ್ನೂರು ಕಡೆಯ ಬಸ್ಸುಗಳಿಂದ ಹೆಂಗಸರು ಇಳಿಯುತ್ತಾರೆ. ಮನೆಗೆಲಸ, ನರ್ಸಿಂಗ್ ಹೋಮಿನ ಆಯಾ ಕೆಲಸ, ಅಂಗಡಿ ಕೆಲಸ, ಗಾರ್ಮೆಂಟ್ಸು. ಸಂಜೆ ವಾಪಸು. ಇವರಿಗೆ ವಠಾರ ಬೇಡ, ಹಾಸ್ಟೆಲ್ ಬೇಡ, ಬಾಡಿಗೆಯಂತೂ ಮೊದಲೇ ಬೇಡ. ನಮ್ಮ ಮನೆಗೆ ಬರುವಾಕೆ ಕಪಿಲಾ ನದಿಯ ಆಚೆ ದಡದ ಹಳ್ಳಿಯವಳು. ಮೊನ್ನೆ ಭಾನುವಾರ ಅವಳು ತವರಿಗೆ ಹೋಗಿದ್ದಳು, ತಾಯಿಗೆ ಕಣ್ಣಿನ ಆಪರೇಷನ್. ಹಣ ಯಾರು ಕೊಟ್ಟರು ಅಂತ ಕೇಳಿದೆ. “ಯಾರ್ಕೊಡ್ತಾರಕ್ಕ? ನನ್ ಖಾತೇಲಿತ್ತು” ಅಂದಳು. ಗಂಡನಿಗೆ ಹೇಳಿದೆಯಾ ಅಂದರೆ, ಹೇಳಿದೀನಿ, ಅವನೇ ಬಸ್‌ಸ್ಟ್ಯಾಂಡಿಗೆ ಬಿಟ್ಟುಹೋದ ಅಂದು ಪಾತ್ರೆ ತೊಳೆಯಲು ಹೋದಳು.